ಗೇರ್‌ಬಾಕ್ಸ್ ಇಲ್ಲದ ಕಾರು

2018ರ ಜುಲೈ ತಿಂಗಳು. ಇಂಡಿಯ ನಮ್ಮ ಮನೆಯ ಮುಂದೆ ಸದಾ ನಿಲ್ಲುತ್ತಿದ್ದ ಬಿಳಿ ಮಾರುತಿ 800 ಊರ ಹೊರಗಿನ ಒಂದು ಗ್ಯಾರೇಜಿನ ಹಿತ್ತಿಲಲ್ಲಿ, ಬೇವಿನ ಮರದ ಕೆಳಗೆ ಬಾಯ್ತೆರೆದು ನಿಂತು ಏಳು ವಾರಗಳಾಗಿದ್ದವು. ಬಾನೆಟ್ ಮೇಲೆತ್ತಿ ಕೋಲು ಕೊಟ್ಟಿದ್ದರು. ಒಳಗಿದ್ದ ಗೇರ್‌ಬಾಕ್ಸ್ ಹೊರಗೆ ಬಂದು, ಬಿಚ್ಚಿದ ಹಲ್ಲುಚಕ್ರಗಳ ಜೊತೆ ಗೋಣಿಚೀಲದ ಮೇಲೆ ಮಲಗಿತ್ತು. "ಸೊಲ್ಲಾಪುರದಿಂದ ಸಾಮಾನು ಬರಬೇಕ್ರಿ, ನಾಳೆ ಬರ್ತದ್ರಿ" ಎಂಬ ಮಾತನ್ನು ಕೇಳಿ ಕೇಳಿ ನನ್ನ ಮೈದುನನಿಗೆ ಸಾಕಾಗಿತ್ತು. ಆ ನಾಳೆ ಬರಲೇ ಇಲ್ಲ.

ಕಾರು ನಮಗೆ ಶೋಕಿಯ ವಸ್ತುವಾಗಿರಲಿಲ್ಲ. ಕುವೈತಿನಲ್ಲಿ ಡ್ರೈವರ್ ಆಗಿದ್ದ ನಮ್ಮವರು 2011ರಲ್ಲಿ ರಜೆಗೆ ಬಂದಾಗ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರು, 2004ರ ಮಾಡೆಲ್. ಆ ವರ್ಷದ ಚಳಿಗಾಲದಲ್ಲಿ ಅತ್ತೆಯವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದಿತ್ತು. ವಿಜಯಪುರದಲ್ಲಿ ಆಪರೇಷನ್ ಆಯಿತು. ಅನಂತರ ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸಬೇಕು. ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರವಿರುತ್ತದೆ ಎಂಬುದು ಸೊಂಟ ಮುರಿದವರನ್ನು ಹತ್ತಿಸಿದಾಗಲೇ ಗೊತ್ತಾಗುವುದು. ಒಮ್ಮೆ ಪ್ರಯತ್ನಿಸಿದೆವು. ಕಂಡಕ್ಟರ್ ಪಾಪ ಕೈ ಹಿಡಿದೆತ್ತಿದ. ಅತ್ತೆ ಊರು ತಲುಪುವತನಕ ಒಂದು ಮಾತೂ ಆಡಲಿಲ್ಲ, ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡೇ ಕೂತಿದ್ದರು. ಅಂದಿನಿಂದ ಬಾಡಿಗೆ ಕಾರು. ಎರಡು ಸಲ ಹೋಗಿ ಬರುವಷ್ಟರಲ್ಲಿ ಕುವೈತಿನ ದುಡ್ಡು ಅಲ್ಲೇ ಕರಗಿತು.

ಕೊನೆಗೆ ವಿಜಯಪುರದ ಮಿಸ್ತ್ರಿ ಚಾಚಾನ ನೆನಪಾಯಿತು. ನನ್ನ ಅಬ್ಬಾ ಟ್ಯಾಕ್ಸಿ ಓಡಿಸುತ್ತಿದ್ದ ಕಾಲದಿಂದ ಪರಿಚಯದ ಮನುಷ್ಯ. ವಯಸ್ಸಾಗಿದೆ, ಆದರೆ ಮಗನ ಜೊತೆ ಇನ್ನೂ ಗ್ಯಾರೇಜಿಗೆ ಬಂದು ಕೂರುತ್ತಾರೆ. ಫೋನು ಮಾಡಿದಾಗ, "ಗಾಡಿ ಇಲ್ಲಿಗೆ ತಂದುಹಾಕು ಬೇಟಿ, ಹತ್ತು ದಿನದಾಗ ಕೊಡತೀನಿ" ಎಂದರು. ಮಾತು ಮುಗಿಯಿತು ಎಂದುಕೊಂಡೆ. ನಿಜವಾದ ಪ್ರಶ್ನೆ ಆಮೇಲೆ ಎದ್ದಿತು. ಗೇರ್‌ಬಾಕ್ಸ್ ಇಲ್ಲದ ಕಾರನ್ನು ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಒಯ್ಯುವುದು ಹೇಗೆ?

ಮೈದುನನ ಬಳಿ ಉತ್ತರ ಸಿದ್ಧವಿತ್ತು. "ಅದರಾಗೇನದ ಭಾಭಿ? ಹೊಲದ ಟ್ರ್ಯಾಕ್ಟರ್ ಐತಿ, ದಪ್ಪ ಹಗ್ಗ ಐತಿ. ಗೇರ್‌ಬಾಕ್ಸ್ ಇಲ್ಲ ಅಂದ್ರ ಇನ್ನೂ ಚಲೋನ ಆತು, ಗಾಡಿ ಹಗುರಾಗಿ ಉರುಳತದ. ನಾ ಟ್ರ್ಯಾಕ್ಟರ್ ಹೊಡೀತೀನಿ, ಇವಾ ಸ್ಟೇರಿಂಗ್ ಹಿಡೀತಾನ. ಖರ್ಚು ಬರೇ ಡೀಸೆಲ್‌ದು." ಇವಾ ಎಂದರೆ ನನ್ನ ಮಗ. ಆಗಿನ್ನೂ ಪಿಯುಸಿ ಮೊದಲ ವರ್ಷ, ಹದಿನಾರು ತುಂಬಿತ್ತು. ಆ ಮಾತು ಕೇಳಿ ಅವನ ಮುಖ ಅರಳಿದ್ದು ನೋಡಬೇಕಿತ್ತು. ಭಾನುವಾರ ಬೆಳಿಗ್ಗೆ ಹೊರಡುವುದೆಂದು ಇಬ್ಬರೂ ನಿಶ್ಚಯಿಸಿಯೂಬಿಟ್ಟರು.

ನಾನು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ಬ್ಯಾಡ" ಎಂದೆ. ಯಾಕೆ ಎಂದು ಕೇಳಿದರು. ತಕ್ಷಣ ಹೇಳಲಾಗಲಿಲ್ಲ. ನನ್ನ ಕಣ್ಣ ಮುಂದೆ ಅಬ್ಬಾನ ಎಡಗೈ ಬಂದಿತ್ತು.

ನಾನು ಹತ್ತು ವರ್ಷದವಳಿದ್ದಾಗ, 1988ರಲ್ಲಿ ನಡೆದದ್ದು. ಆಗ ನಮ್ಮ ವಿಜಯಪುರ ಇನ್ನೂ ಬಿಜಾಪುರ. ಅಬ್ಬಾನದು ಕಪ್ಪು ಅಂಬಾಸಿಡರ್. ಗೋಳಗುಮ್ಮಟ ನೋಡಲು ಬಂದವರನ್ನು ಬಸವನ ಬಾಗೇವಾಡಿಗೆ, ಕೂಡಲಸಂಗಮಕ್ಕೆ, ಆಗ ಅಣೆಕಟ್ಟಿನ ಕೆಲಸ ನಡೆದಿದ್ದ ಆಲಮಟ್ಟಿಗೆ ಕರೆದೊಯ್ಯುವುದು ಅವರ ಕೆಲಸ. ಹಾಗೆ ಹೋದಾಗ ಬಾಗೇವಾಡಿಯಲ್ಲಿ ಗೇರ್‌ಬಾಕ್ಸ್ ಕೈಕೊಟ್ಟಿತು. ಅಲ್ಲಿಯ ಮಿಸ್ತ್ರಿ ಅದನ್ನು ಇಳಿಸಿ, ಇದು ನನ್ನಿಂದಾಗದು ಎಂದು ಕೈ ಚೆಲ್ಲಿದ. ಗೇರ್‌ಬಾಕ್ಸ್ ಬಸ್ಸಿನ ಮೇಲೆ ಬಿಜಾಪುರಕ್ಕೆ ಬಂತು. ಕಾರನ್ನು ಲಾರಿಯ ಹಿಂದೆ ಸರಪಳಿ ಕಟ್ಟಿ ಎಳೆದು ತರುವುದೆಂದಾಯಿತು. ಅಬ್ಬಾ ಸ್ಟೇರಿಂಗ್ ಹಿಡಿದು ಕೂತರು.

ಅಂಬಾಸಿಡರ್ ಹಿಂದಿನ ಗಾಲಿಗಳ ಮೇಲೆ ನಡೆಯುವ ಗಾಡಿ. ಮುಂದಿನ ಎಂಜಿನ್‌ನ ಶಕ್ತಿ ಹಿಂದಿನ ಗಾಲಿಗೆ ಹೋಗಬೇಕಾದರೆ ಹೊಟ್ಟೆಯ ಕೆಳಗೆ ಉದ್ದನೆಯ ಕಬ್ಬಿಣದ ಕೊಳವೆ ಬೇಕು. ನಮ್ಮ ಕಡೆ ಅದನ್ನು ಪ್ರೊಪೆಲ್ಲರ್ ಶಾಫ್ಟ್ ಎನ್ನುತ್ತಾರೆ. ಅದರ ಮುಂದಿನ ತುದಿ ಗೇರ್‌ಬಾಕ್ಸ್‌ನೊಳಗೆ ಸೇರಿಕೊಂಡಿರುತ್ತದೆ. ಗೇರ್‌ಬಾಕ್ಸ್ ತೆಗೆದರೆ ಆ ತುದಿಗೆ ಆಸರೆ ಇಲ್ಲ. ಒಂದೋ ಶಾಫ್ಟನ್ನೇ ಬಿಚ್ಚಿ ಡಿಕ್ಕಿಯಲ್ಲಿ ಹಾಕಬೇಕು, ಇಲ್ಲವೇ ಗಟ್ಟಿ ತಂತಿಯಿಂದ ಮೇಲಕ್ಕೆ ಬಿಗಿಯಬೇಕು. ಅಂದು ಯಾರೋ ತೆಂಗಿನ ನಾರಿನ ಹಗ್ಗದಿಂದ ಕಟ್ಟಿದ್ದರು. ಕಾರು ಉರುಳುವಾಗ ಹಿಂದಿನ ಗಾಲಿಯ ಜೊತೆ ಶಾಫ್ಟ್ ಕೂಡ ತಿರುಗುತ್ತಲೇ ಇರುತ್ತದೆ. ತಿರುಗಿ ತಿರುಗಿ ಹಗ್ಗ ಸವೆಯಿತು. ಮನಗೂಳಿ ಇನ್ನೂ ದೂರವಿದ್ದಾಗ ಹರಿದು, ಶಾಫ್ಟಿನ ತುದಿ ರಸ್ತೆಗೆ ಬಿತ್ತು. ಬಿದ್ದ ತುದಿ ಡಾಂಬರಿಗೆ ನೆಟ್ಟುಕೊಂಡರೆ ಏನಾಗುತ್ತದೆಂದು ಊಹಿಸಿ. ಮುಂದೆ ಲಾರಿ ಎಳೆಯುತ್ತಿದೆ, ಕೆಳಗೆ ಕಬ್ಬಿಣದ ಗೂಟ ತಡೆಯುತ್ತಿದೆ. ಕಾರು ಹಿಂದಿನಿಂದ ನೆಗೆದು ಬಿತ್ತಂತೆ. ಅಬ್ಬಾನ ಎರಡು ಹಲ್ಲು ಸ್ಟೇರಿಂಗಿಗೆ ಬಡಿದು ಉದುರಿದವು, ಎಡಗೈ ಮಣಿಕಟ್ಟು ಮುರಿಯಿತು. ಕೈ ಕೂಡಿತು, ಆದರೆ ನೆಟ್ಟಗಾಗಲಿಲ್ಲ. 2001ರಲ್ಲಿ ತೀರಿಕೊಳ್ಳುವವರೆಗೂ ಆ ಸೊಟ್ಟ ಕೈಯಲ್ಲೇ ಗಾಡಿ ಓಡಿಸಿದರು. ವುಜೂ ಮಾಡುವಾಗ ಆ ಮಣಿಕಟ್ಟನ್ನು ಮೆಲ್ಲಗೆ ತಿಕ್ಕಿಕೊಳ್ಳುತ್ತಿದ್ದುದು ನನಗೆ ಇಂದಿಗೂ ಕಾಣಿಸುತ್ತದೆ.

ಇದನ್ನೆಲ್ಲ ಮೈದುನನಿಗೆ ಹೇಳಿದೆ. ಅವನು ನಕ್ಕು, "ಅದು ಅಂಬಾಸಿಡರ್ ಭಾಭಿ. ಮಾರುತಿಗೆ ಆ ಶಾಫ್ಟೇ ಇಲ್ಲ" ಎಂದ. ಅದು ನಿಜ. ಮಾರುತಿ 800 ಮುಂದಿನ ಗಾಲಿಗಳ ಮೇಲೆ ನಡೆಯುವ ಕಾರು. ನನಗೆ ಉತ್ತರ ತೋಚಲಿಲ್ಲ. ಇಂಥ ಹೊತ್ತಿನಲ್ಲಿ ಹೆಂಗಸರು ಸುಮ್ಮನಾಗುತ್ತೇವೆ. ಯಂತ್ರದ ವಿಷಯ, ಗಂಡಸರಿಗೆ ಗೊತ್ತಿರುತ್ತದೆ ಎಂದು. ನಾನೂ ಹಾಗೆಯೇ ಸುಮ್ಮನಾಗುತ್ತಿದ್ದೆನೇನೋ. ಮಗನ ಕೈ ನೋಡಿದೆ. ಮತ್ತೆ ಚಾಚಾನಿಗೆ ಫೋನು ಹಚ್ಚಿದೆ.

ಅವರು ನನ್ನ ಮಾತು ಪೂರ್ತಿ ಕೇಳಿದರು. ಆಮೇಲೆ ಒಂದೇ ಪ್ರಶ್ನೆ: "ಆಕ್ಸಲ್ ಎಲ್ಲದಾವು?"

ನನಗೆ ಗೊತ್ತಿರಲಿಲ್ಲ. ಮರುದಿನ ಮಗನನ್ನು ಕರೆದುಕೊಂಡು ಗ್ಯಾರೇಜಿಗೆ ಹೋದೆ. ಬುರ್ಖಾ ಹಾಕಿದ ಹೆಂಗಸು ಬಂದು ಕಾರಿನ ಅಡಿಗೆ ಬಗ್ಗಿ ನೋಡುತ್ತಿದ್ದುದು ಅಲ್ಲಿನ ಹುಡುಗರಿಗೆ ತಮಾಷೆಯಾಗಿರಬೇಕು. ಗ್ಯಾರೇಜಿನವನಿಗೆ ನಾವು ಗಾಡಿ ಒಯ್ಯುವ ಸುದ್ದಿ ತಿಳಿದು ಮುಖ ಗಂಟಿಕ್ಕಿತ್ತು. ಮಗ ಮೊಬೈಲಿನಲ್ಲಿ ಒಳಗಿನದು, ಅಡಿಯದು, ಗಾಲಿಯ ಹಿಂದಿನದು ಎಲ್ಲ ಫೋಟೋ ತೆಗೆದು ಚಾಚಾನ ಮಗನಿಗೆ ಕಳಿಸಿದ. ಆಕ್ಸಲ್‌ಗಳೆರಡೂ ಗೋಡೆಗೆ ಒರಗಿಸಿ ಇಟ್ಟಿದ್ದವು. ಅರ್ಧ ಗಂಟೆಯಲ್ಲಿ ಚಾಚಾನದೇ ಫೋನು ಬಂತು. ದನಿಯಲ್ಲಿ ಸಿಟ್ಟಿತ್ತು. "ಆ ಗಾಡಿ ಅಲ್ಲಿಂದ ಒಂದು ಗಜ ಉರುಳಬಾರದು. ಹಗ್ಗ ಕಟ್ಟೋದಂತೂ ದೂರದ ಮಾತು."

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಮಾರುತಿಯಂಥ ಕಾರಿನಲ್ಲಿ ಗೇರ್‌ಬಾಕ್ಸ್‌ನಿಂದ ಎಡಕ್ಕೊಂದು ಬಲಕ್ಕೊಂದು ಆಕ್ಸಲ್ ಹೊರಟು ಮುಂದಿನ ಗಾಲಿಗಳನ್ನು ತಿರುಗಿಸುತ್ತವೆ. ಗೇರ್‌ಬಾಕ್ಸ್ ಇಳಿಸಬೇಕಾದರೆ ಅವನ್ನು ಎಳೆದು ತೆಗೆಯಬೇಕು. ಆದರೆ ಆಕ್ಸಲ್ ಗಾಲಿಯನ್ನು ತಿರುಗಿಸುವುದಷ್ಟೇ ಅಲ್ಲ, ಗಾಲಿಯನ್ನು ಹಿಡಿದಿಡುವುದೂ ಅದೇ. ಅದರ ಹೊರತುದಿ ಗಾಲಿಯ ಹಬ್ಬಿನ ನಡುವೆ ತೂರಿ ಬಂದು, ಹೊರಗೆ ದೊಡ್ಡ ನಟ್ಟಿನಿಂದ ಬಿಗಿದಿರುತ್ತದೆ. ಆ ಬಿಗಿಯೇ ಒಳಗಿನ ಬೇರಿಂಗುಗಳನ್ನು ಒಂದಕ್ಕೊಂದು ಒತ್ತಿ ಹಿಡಿದಿರುತ್ತದೆ. ನಮ್ಮ ಬೀಸುವ ಕಲ್ಲು ನೆನೆಸಿಕೊಳ್ಳಿ. ನಡುವಿನ ಗೂಟ ಕಿತ್ತರೂ ಮೇಲಿನ ಕಲ್ಲು ಕೆಳಗಿನದರ ಮೇಲೆ ಕೂತೇ ಇರುತ್ತದೆ, ನೋಡಿದವರಿಗೆ ಎಲ್ಲ ಸರಿಯಿದೆ ಎನಿಸುತ್ತದೆ. ತಿರುಗಿಸಲು ಹೋದಾಗ ಜಾರುತ್ತದೆ. ನಮ್ಮ ಕಾರಿನ ಮುಂದಿನ ಗಾಲಿಗಳೂ ಹಾಗೆ ಬರೀ ಕೂತಿದ್ದವು. ಆ ಸ್ಥಿತಿಯಲ್ಲಿ ಎಳೆದಿದ್ದರೆ ಸ್ವಲ್ಪ ದೂರದಲ್ಲೇ ಬೇರಿಂಗ್ ಹಾಳಾಗುತ್ತಿತ್ತು. ವೇಗದಲ್ಲಿದ್ದರೆ ಗಾಲಿ ವಾಲಿ ಹಬ್ಬು ಕಳಚಿ ಬರುವ ಭಯವೂ ಇತ್ತು. ಸ್ಟೇರಿಂಗ್ ಹಿಡಿದು ಕೂತವನು ಏನು ಮಾಡಬಲ್ಲ?

ಅದೊಂದೇ ಅಲ್ಲ. ಎಂಜಿನ್ ಓಡದಿದ್ದರೆ ಬ್ರೇಕಿಗೆ ಸಹಾಯ ಮಾಡುವ ಬೂಸ್ಟರ್ ಕೆಲಸ ಮಾಡದು. ಎರಡು ಮೂರು ಸಲ ತುಳಿದ ಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಚಾವಿ ತೆಗೆದರೆ ಸ್ಟೇರಿಂಗ್ ಲಾಕ್ ಆಗುತ್ತದೆ. ಗೇರಿಗೆ ಹಾಕಿ ನಿಲ್ಲಿಸೋಣ ಎಂದರೆ ಗೇರೇ ಇಲ್ಲ, ಕೈಬ್ರೇಕೊಂದೇ ಗತಿ. ಎಳೆಯುವ ಹಗ್ಗ ಐದು ಮೀಟರಿಗಿಂತ ಉದ್ದವಿರಬಾರದು, ವೇಗ ಗಂಟೆಗೆ ಸುಮಾರು 25 ಕಿಲೋಮೀಟರ್ ದಾಟಬಾರದು, ಕೆಟ್ಟ ಗಾಡಿಯನ್ನು ಹತ್ತಿರದ ಗ್ಯಾರೇಜಿಗಷ್ಟೇ ಎಳೆಯಬಹುದು, ಅದರ ಸ್ಟೇರಿಂಗ್ ಹಿಡಿಯುವವನ ಬಳಿಯೂ ಲೈಸೆನ್ಸ್ ಇರಬೇಕು ಎಂದು ನಿಯಮವೇ ಇದೆ. ಇದು ಹಳೆಯ 1989ರ ನಿಯಮದಲ್ಲೂ ಇತ್ತು, ಅದರ ಬದಲಿಗೆ 2017ರಲ್ಲಿ ಬಂದದ್ದರಲ್ಲೂ ಇದೆ. ನಮ್ಮ ಕಡೆಯ ರಸ್ತೆಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ಜೋತು ಬರುವ ಜೀಪುಗಳನ್ನು ನೋಡಿದರೆ ಇದನ್ನು ಯಾರೂ ಓದಿದಂತೆ ಕಾಣುವುದಿಲ್ಲ. ಮುಂದೆ 2019ರ ತಿದ್ದುಪಡಿಯಲ್ಲಿ, ಅಪ್ರಾಪ್ತ ವಯಸ್ಸಿನ ಮಕ್ಕಳು ಗಾಡಿ ನಡೆಸಿ ಅಪರಾಧವೆಸಗಿದರೆ ಪಾಲಕರಿಗೇ ಮೂರು ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ ಎಂದಾಯಿತು. ನನಗೆ ಅಂದು ಕಾನೂನು ಬೇಕಿರಲಿಲ್ಲ, ಅಬ್ಬಾನ ಕೈ ಸಾಕಾಗಿತ್ತು.

ಹಾಗಾದರೆ ದಾರಿ? ಚಾಚಾ ಎರಡು ಹೇಳಿದರು. ಒಂದು, ಟೋಯಿಂಗ್ ಗಾಡಿ ತರಿಸಿ ಮುಂದಿನ ಎರಡು ಗಾಲಿಗಳನ್ನು ಮೇಲೆತ್ತಿ ಹಿಂದಿನ ಗಾಲಿಗಳ ಮೇಲೆ ಉರುಳಿಸುವುದು. ಮಾರುತಿಯ ಹಿಂದಿನ ಗಾಲಿಗಳಿಗೂ ಗೇರ್‌ಬಾಕ್ಸಿಗೂ ಸಂಬಂಧವಿಲ್ಲವಾದ್ದರಿಂದ ಇದು ನಡೆಯುತ್ತದೆ. ಅಂಬಾಸಿಡರ್‌ನದು ಇದಕ್ಕೆ ಉಲ್ಟಾ ಲೆಕ್ಕ. ಎರಡು, ಇಡೀ ಕಾರನ್ನೇ ಲಾರಿಯ ಮೇಲೆ ಹೇರುವುದು. ವಿಜಯಪುರದಿಂದ ಟೋಯಿಂಗ್ ಗಾಡಿ ಬಂದು ಹೋಗಲು ಕೇಳಿದ ದುಡ್ಡು ನಮ್ಮ ಕೈ ಮೀರಿತ್ತು. ಆಗ ಓಣಿಯ ಕಿರಾಣಿ ಅಂಗಡಿಯವರು ದಾರಿ ತೋರಿಸಿದರು. ಅವರಿಗೆ ವಾರಕ್ಕೊಮ್ಮೆ ವಿಜಯಪುರದಿಂದ ಸಾಮಾನು ತರುವ 14 ಅಡಿ ಹಾಸಿನ ಐಷರ್ ಲಾರಿ ಖಾಲಿಯಾಗಿಯೇ ಮರಳುತ್ತದೆ. ನಮ್ಮ ಕಾರಿನ ಉದ್ದ ಹನ್ನೊಂದು ಅಡಿ, ತೂಕ ಸುಮಾರು 650 ಕಿಲೋ. ಡ್ರೈವರ್ ಹದಿನೆಂಟು ನೂರಕ್ಕೆ ಒಪ್ಪಿದ. ಟ್ರ್ಯಾಕ್ಟರಿನ ಡೀಸೆಲ್ ಇದರ ಅರ್ಧವೂ ಆಗುತ್ತಿರಲಿಲ್ಲ ಎಂದು ಮೈದುನ ಗೊಣಗಿದ.

ಲಾರಿ ಬರುವ ಮೊದಲು ಮಾಡಬೇಕಾದ ಕೆಲಸ ಬಹಳವಿತ್ತು. ಚಾಚಾ ತಮ್ಮ ಮಗನನ್ನೇ ಬಸ್ಸಿಗೆ ಕಳಿಸಿದರು. ಬರುವಾಗ ಅವನು ಚೀಲದಲ್ಲಿ ಎರಡು ವಸ್ತು ತಂದಿದ್ದ. ಗುಜರಿಗೆ ಹೋದ ಹಳೆಯ ಮಾರುತಿಯ ಆಕ್ಸಲ್‌ಗಳಿಂದ ಕಳಚಿದ ಹೊರಗಿನ ಜಾಯಿಂಟುಗಳವು. ಗಾಡಿ ಓಡಿಸಲು ಅವು ಪ್ರಯೋಜನಕ್ಕೆ ಬಾರವು. ಆದರೆ ಹಬ್ಬಿನ ನಡುವೆ ತೂರಿಸಿ ನಟ್ಟು ಬಿಗಿದರೆ ಬೀಸುವ ಕಲ್ಲಿಗೆ ಗೂಟ ಹಾಕಿದಂತೆಯೇ. ಬೇರಿಂಗ್ ಮತ್ತೆ ತನ್ನ ಬಿಗಿಯಲ್ಲಿ ಕೂರುತ್ತದೆ, ಲಾರಿಗೆ ಹತ್ತಿಸಲು ಇಳಿಸಲು ಕಾರು ಧೈರ್ಯವಾಗಿ ಉರುಳುತ್ತದೆ. ಆಕ್ಸಲ್ ಪೂರ್ತಿ ಹಾಕಬಾರದೇ ಎಂದು ನಾನು ಕೇಳಿದೆ. ಹಾಕಬಹುದಂತೆ. ಆದರೆ ಒಳತುದಿಗೆ ಗೇರ್‌ಬಾಕ್ಸಿನ ಆಸರೆ ಇಲ್ಲದ್ದರಿಂದ ಅದು ಜೋತುಬಿದ್ದು ಗಾಲಿಯ ಜೊತೆ ಬಡಿದಾಡುತ್ತದೆ. ಮೂವತ್ತು ವರ್ಷದ ಹಿಂದಿನ ಶಾಫ್ಟಿನ ಕಥೆಯೇ, ಸ್ವಲ್ಪ ಸಣ್ಣದು.

ಮುಂದಿನದು ಎಂಜಿನ್. ಎಂಜಿನ್, ಗೇರ್‌ಬಾಕ್ಸ್ ಎರಡೂ ಸೇರಿ ಒಂದೇ ಗಂಟಾಗಿ ರಬ್ಬರಿನ ಮೌಂಟಿಂಗುಗಳ ಮೇಲೆ ಕೂತಿರುತ್ತವೆ, ಕೆಲವು ಮೌಂಟಿಂಗ್ ಗೇರ್‌ಬಾಕ್ಸಿಗೇ ಕಟ್ಟಿರುತ್ತವೆ. ಅದನ್ನು ತೆಗೆದ ಮೇಲೆ ಎಂಜಿನ್ ಒಂದು ಪಕ್ಕಕ್ಕೆ ವಾಲುತ್ತದೆ. ಗ್ಯಾರೇಜಿನಲ್ಲಿ ಅದರ ಕೆಳಗೆ ಜ್ಯಾಕ್ ಇಟ್ಟಿದ್ದರು. ಜ್ಯಾಕ್ ಗ್ಯಾರೇಜಿನದು, ಅದನ್ನು ತೆಗೆದುಕೊಂಡು ಹೋಗುವಂತಿಲ್ಲ. ತೆಗೆದರೆ ಎಂಜಿನ್ನಿನ ಭಾರವೆಲ್ಲ ಉಳಿದ ರಬ್ಬರುಗಳ ಮೇಲೆ, ನೀರಿನ ಪೈಪುಗಳ ಮೇಲೆ, ಸೈಲೆನ್ಸರಿನ ಮೇಲೆ ಬೀಳುತ್ತದೆ. ರಸ್ತೆಯ ಕುಲುಕಾಟಕ್ಕೆ ಏನಾದರೊಂದು ಹರಿಯುತ್ತದೆ. ಚಾಚಾನ ಮಗ ದಪ್ಪ ಕಬ್ಬಿಣದ ಪೈಪನ್ನು ಬಾನೆಟ್ ಕೆಳಗಿನ ಎರಡೂ ಬದಿಯ ಗಟ್ಟಿ ಅಂಚುಗಳ ಮೇಲೆ ಅಡ್ಡಡ್ಡ ಇಟ್ಟ. ಪೈಪಿನ ತುದಿಗಳ ಕೆಳಗೆ ಗೋಣಿ ಮಡಚಿಟ್ಟು, ಎಂಜಿನ್ನಿನ ಕೊಂಡಿಗೆ ಸರಪಳಿ ಹಾಕಿ ಪೈಪಿಗೆ ಬಿಗಿದ. ತೊಟ್ಟಿಲು ಕಟ್ಟಿದ ಹಾಗೆ. ಕೆಳಗೆ ಕಟ್ಟಿಗೆಯ ತುಂಡೊಂದನ್ನೂ ಕೊಟ್ಟ. ಬಾನೆಟ್ ಪೂರ್ತಿ ಮುಚ್ಚಲಿಲ್ಲ. ಹಗ್ಗ ಹಾಕಿ ಬಿಗಿದೆವು, ಗಾಳಿಗೆ ಎದ್ದು ಗಾಜಿಗೆ ಬಡಿಯಬಾರದಲ್ಲ.

ಫೋಟೋದಲ್ಲಿ ಚಾಚಾ ಇನ್ನೊಂದನ್ನು ಕಂಡಿದ್ದರು. ಸ್ಟಾರ್ಟರ್ ಮೋಟಾರು ಗೇರ್‌ಬಾಕ್ಸಿನ ಗೂಡಿಗೆ ಬಿಗಿದಿರುತ್ತದೆಯಂತೆ. ಗೇರ್‌ಬಾಕ್ಸ್ ಹೋದ ಮೇಲೆ ಅದು ತನ್ನ ವೈರಿನಲ್ಲೇ ನೇತಾಡುತ್ತಿತ್ತು. ಬ್ಯಾಟರಿಯಿಂದ ಅದಕ್ಕೆ ಬರುವ ದಪ್ಪ ವೈರಿನಲ್ಲಿ ಚಾವಿ ತಿರುಗಿಸದಿದ್ದರೂ ಕರೆಂಟು ಇದ್ದೇ ಇರುತ್ತದೆ. ಲಾರಿಯ ಮೇಲೆ ಕುಲುಕಿ ಅದರ ತುದಿ ಕಬ್ಬಿಣಕ್ಕೆ ತಾಗಿದರೆ ಕಿಡಿ, ಹತ್ತಿರದಲ್ಲೇ ಪೆಟ್ರೋಲ್ ಪೈಪು. "ಬ್ಯಾಟರಿ ಎಂದೋ ಸತ್ತದ್ರಿ" ಎಂದ ಗ್ಯಾರೇಜಿನ ಹುಡುಗ. ಬಲ್ಬು ಹಿಡಿದು ನೋಡಿದರೆ ಚೆನ್ನಾಗಿಯೇ ಉರಿಯಿತು. ಬ್ಯಾಟರಿಯ ಮೈನಸ್ ವೈರು ಮೊದಲು ಬಿಚ್ಚಿ, ಆಮೇಲೆ ಪ್ಲಸ್ ಬಿಚ್ಚಿ, ಬ್ಯಾಟರಿಯನ್ನೇ ಹೊರಗೆ ತೆಗೆದೆವು.

ಗೇರ್‌ಬಾಕ್ಸಿನ ಬಿಡಿಭಾಗಗಳನ್ನು ಪೇಂಟ್ ಡಬ್ಬಿಯಲ್ಲಿ ಸುರಿದುಕೊಟ್ಟರು. ಎಣಿಸಿದರೆ ಬೋಲ್ಟುಗಳು ಕಡಿಮೆ. ಜಗಳಾಡಿದೆ, ಹುಡುಕಿದರು, ನಾಲ್ಕು ಸಿಕ್ಕವು. ಗೇರ್‌ಬಾಕ್ಸಿನ ಗೂಡನ್ನು ಹಿಂದಿನ ಸೀಟಿನ ಮೇಲೆ ಇಡಲು ಮೈದುನ ಹೊರಟಿದ್ದ. ಬ್ರೇಕ್ ಹಾಕಿದಾಗ ಅದು ಮುಂದಿನ ಗಾಜಿಗೆ ಹೋಗುತ್ತದೆ ಎಂದು ಬೇಡವೆಂದೆವು. ಹಳೆಯ ಟೈರಿನ ನಡುವೆ ಕೂರಿಸಿ ಲಾರಿಯ ಮೂಲೆಗೆ ಕಟ್ಟಿದ್ದಾಯಿತು.

ಹತ್ತಿಸುವುದೇ ದೊಡ್ಡ ಸಾಹಸ. ಇಂಡಿ ಎಂದರೆ ಲಿಂಬೆಯ ಊರು. ಇಲ್ಲಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಲಿಂಬೆ ಚೀಲ ಹೇರಿದಂತೆ ಕಾರು ಹೇರಲಾದೀತೇ? ಲಾರಿ ಡ್ರೈವರ್ ಅನುಭವಸ್ಥ. ಗ್ಯಾರೇಜಿನಿಂದ ನೂರು ಹೆಜ್ಜೆಯಲ್ಲಿ ರಸ್ತೆ ಅಗಲ ಮಾಡುವಾಗ ಹಾಕಿದ ಗರಸಿನ ದಿಬ್ಬವಿತ್ತು. "ಅದಕ್ಕ ಹಿಂದ ಹಚ್ಚತೀನ್ರಿ ಅಕ್ಕಾರ" ಎಂದ. ಪಕ್ಕದಲ್ಲೇ ಎರೆ ಹೊಲದ ಇನ್ನೊಂದು ದಿಬ್ಬ ಇನ್ನೂ ಹತ್ತಿರವಿತ್ತು. ಆದರೆ ಹಿಂದಿನ ದಿನ ಮಳೆಯಾಗಿತ್ತು. ಹಸಿ ಎರೆಮಣ್ಣು ಎತ್ತಿನ ಕಾಲನ್ನೇ ಬಿಡುವುದಿಲ್ಲ, ಲಾರಿಯನ್ನು ಬಿಟ್ಟೀತೇ? ಗರಸೇ ವಾಸಿ ಎಂದಾಯಿತು. ದಿಬ್ಬಕ್ಕೂ ಲಾರಿಯ ಹಾಸಿಗೂ ನಡುವೆ ದಪ್ಪ ಹಲಗೆ ಹಾಸಿ, ಆರು ಜನ ದೂಡಿದರು. ಒಬ್ಬ ಪ್ರತಿ ಹೆಜ್ಜೆಗೂ ಗಾಲಿಯ ಹಿಂದೆ ಕಲ್ಲು ಕೊಡುತ್ತ ಬಂದ. ಒಳಗೆ ಕೈಬ್ರೇಕ್ ಮೇಲೆ ಕೈಯಿಟ್ಟು ಕೂತದ್ದು ಲೈಸೆನ್ಸ್ ಇದ್ದ ಮೈದುನ. ಮಗ ಕಲ್ಲು ಕೊಡುವ ಕೆಲಸ ಕೇಳಿ ಪಡೆದ. ಗಾಲಿಯ ಪಕ್ಕದಿಂದ ಕೊಡು, ಹಿಂದೆ ನಿಲ್ಲಬೇಡ ಎಂದು ನಾನು ಎಷ್ಟು ಸಲ ಕೂಗಿದೆನೋ.

ಕಟ್ಟುವಾಗ ಮೈದುನ ಹಗ್ಗವನ್ನು ಬಂಪರಿಗೆ ಹಾಕಲು ಹೋದ. ಚಾಚಾನ ಮಗ ತಡೆದ. ಬಂಪರಿಗೆ ಕಟ್ಟಿದರೆ ಸ್ಪ್ರಿಂಗಿನ ಮೇಲೆ ಕಾರಿನ ಮೈ ಮೇಲೆ ಕೆಳಗೆ ಆಡಿದಂತೆಲ್ಲ ಹಗ್ಗ ಸಡಿಲವಾಗುತ್ತದೆ. ಗಾಲಿಗಳನ್ನೇ ಕಟ್ಟಬೇಕು. ನಾಲ್ಕೂ ಟೈರುಗಳ ಮೇಲಿಂದ ಪಟ್ಟಿ ಹಾಯಿಸಿ, ಲಾರಿಯ ನಾಲ್ಕು ಮೂಲೆಯ ಕೊಂಡಿಗಳಿಗೆ ಬೇರೆ ಬೇರೆಯಾಗಿ ಬಿಗಿದರು. ಪ್ರತಿ ಗಾಲಿಗೂ ಹಿಂದೆ ಮುಂದೆ ಕಟ್ಟಿಗೆ ತುಂಡು, ಅದು ಸರಿಯದಂತೆ ಹಾಸಿಗೆ ಮೊಳೆ. ಕೈಬ್ರೇಕ್ ಎಳೆದರು. ಕಾರಿನೊಳಗೆ ಕೂತು ಬರುತ್ತೇನೆಂದು ಮಗ ಕೊನೆಯ ಪ್ರಯತ್ನ ಮಾಡಿದ. ಡ್ರೈವರನೇ ಗದರಿದ, ನನಗೆ ಬಾಯಿ ತೆರೆಯುವ ಕೆಲಸ ಬೀಳಲಿಲ್ಲ.

ನಾನೂ ಹೊರಟೆ. ಕ್ಯಾಬಿನ್ನಿನಲ್ಲಿ ಕಿಟಕಿಯ ಪಕ್ಕ ನಾನು, ನಡುವೆ ಮಗ. ಮೈದುನ, ಚಾಚಾನ ಮಗ ಬೈಕಿನಲ್ಲಿ ಹಿಂದೆ. ಝಳಕಿಯಲ್ಲಿ ಹೆದ್ದಾರಿ ಸೇರುವ ಮೊದಲು ನಿಲ್ಲಿಸಿ ಪಟ್ಟಿಗಳನ್ನು ಮುಟ್ಟಿ ನೋಡಿದೆವು. ಒಂದು ಸಡಿಲವಾಗಿತ್ತು; ಹತ್ತಿಪ್ಪತ್ತು ಕಿಲೋಮೀಟರ್ ಆದ ಮೇಲೆ ಹೊಸ ಗಂಟು ಕೂರುವುದು ಸಹಜ, ಅದಕ್ಕೇ ನಿಲ್ಲಿಸುವುದು ಎಂದ ಡ್ರೈವರ್. ಪೊಲೀಸರು ಕಾರಿನ ಆರ್‌ಸಿ ಪುಸ್ತಕ ಕೇಳಿದರು, ತೋರಿಸಿದೆವು. ಹೊರ್ತಿ ದಾಟುವಾಗ ಮಳೆ ಹಿಡಿಯಿತು. ಕನ್ನಡಿಯಲ್ಲಿ ನೋಡಿದರೆ ಬಿಳಿ ಕಾರು ನಮ್ಮ ಬೆನ್ನ ಮೇಲೆ ಕೂತು ಅಲುಗದೆ ಬರುತ್ತಿತ್ತು.

ವಿಜಯಪುರ ತಲುಪುವಾಗ ಅಸರ್ ಹೊತ್ತು. ಚಾಚಾ ಸಲಾಮಿಗೆ ಉತ್ತರಿಸಿದವರೇ ಮೊದಲು ಲಾರಿ ಹತ್ತಿದರು. ಆ ವಯಸ್ಸಿನಲ್ಲಿ! ಹಬ್ಬಿನ ನಟ್ಟು ಮುಟ್ಟಿದರು, ಸರಪಳಿ ಅಲುಗಿಸಿದರು, ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿದರು. ಕಾರು ಇಳಿದ ಮೇಲೆ ಚಹಾ ತರಿಸಿದರು. ಮಗ ಮೊಬೈಲಿನಲ್ಲಿ ಮುಳುಗಿದ್ದ. ಚಾಚಾ ನನ್ನ ಕಡೆ ನೋಡದೆ, ಲೋಟದೊಳಗೆ ನೋಡುತ್ತ ಹೇಳಿದರು: "ಬೇಟಿ, ನಿಮ್ಮ ಅಬ್ಬಾನ ಗಾಡಿಗೆ ಅವತ್ತು ಆ ನಾರಿನ ಹಗ್ಗ ಕಟ್ಟಿದಾವ ನಾನ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಗ ಅವರು ಇನ್ನೂ ಕೆಲಸ ಕಲಿಯುವ ಹುಡುಗ. ಗಾಡಿ ತರಲು ಉಸ್ತಾದ್ ಬಾಗೇವಾಡಿಗೆ ಕಳಿಸಿದ್ದರಂತೆ. ಶಾಫ್ಟ್ ಬಿಚ್ಚಲು ನಾಲ್ಕು ಬೋಲ್ಟು. ಒಂದು ತುಕ್ಕು ಹಿಡಿದು ಬರಲಿಲ್ಲ. ಲಾರಿಯವನು ಅವಸರ ಮಾಡುತ್ತಿದ್ದ. ಕೈಗೆ ಸಿಕ್ಕ ಹಗ್ಗದಿಂದ ಕಟ್ಟಿ, ಸಾಕು ಎಂದುಕೊಂಡು ಲಾರಿ ಹತ್ತಿ ಕೂತಿದ್ದರು. ಅಬ್ಬಾನಿಗೆ ಅದು ಗೊತ್ತಿತ್ತು. ಉಸ್ತಾದ್ ಕೇಳಿದಾಗ, ಬಾಗೇವಾಡಿಯವರು ಕಟ್ಟಿದ್ದು ಎಂದು ಹೇಳಿಬಿಟ್ಟರಂತೆ. ಮನೆಯಲ್ಲೂ ನಾವು ಹಾಗೆಯೇ ಕೇಳಿದ್ದೆವು. ಆಮೇಲೆ ಹದಿಮೂರು ವರ್ಷ ತಮ್ಮ ಗಾಡಿಯನ್ನು ಅದೇ ಹುಡುಗನ ಕೈಗೆ ಕೊಡುತ್ತ ಬಂದರು.

ನಾನು ಏನು ಹೇಳಬೇಕಿತ್ತೋ ತಿಳಿಯಲಿಲ್ಲ. "ಚಹಾ ಆರತದ ಚಾಚಾ" ಎಂದೆ.

ಗೇರ್‌ಬಾಕ್ಸ್ ಕೆಲಸ ಹನ್ನೆರಡು ದಿನ ಹಿಡಿಯಿತು. ಸಿಂಕ್ರೋ ರಿಂಗುಗಳು, ಎರಡನೇ ಗೇರಿನ ಚಕ್ರ, ಒಂದು ಬೇರಿಂಗ್ ಹೊಸದು. ಕ್ಲಚ್ ಪ್ಲೇಟನ್ನೂ ಬದಲಿಸಿದರು, ಹೇಗೂ ಬಿಚ್ಚಿದೆ ಎಂದು. ಕೂಲಿ ಎಷ್ಟೆಂದು ಕೇಳಿದರೆ ಸಾಮಾನಿನ ಬಿಲ್ಲಷ್ಟೇ ಕೊಟ್ಟರು. ನಾನು ಒಪ್ಪಲಿಲ್ಲ. ಅಬ್ಬಾ ಎಂದೂ ಅವರ ಬಳಿ ಪುಕ್ಕಟೆ ಕೆಲಸ ಮಾಡಿಸಿಕೊಂಡಿರಲಿಲ್ಲ ಎಂದು ಹೇಳಿ, ಕೂಲಿಯನ್ನು ಅವರ ಸೊಸೆಯ ಕೈಯಲ್ಲಿಟ್ಟು ಬಂದೆ.

ಆ ಎರಡು ಹಳೆಯ ಜಾಯಿಂಟುಗಳನ್ನು ಮಗ ಕೇಳಿ ತಂದು ಮನೆಯಲ್ಲಿ ಇಟ್ಟುಕೊಂಡ. ಯಾಕೆ ಎಂದರೆ ಹೇಳುವುದಿಲ್ಲ. ಮುಂದಿನ ತಿಂಗಳು ಡಾಕ್ಟರಿಗೆ ತೋರಿಸಲು ಅತ್ತೆಯವರನ್ನು ಕೂರಿಸಿಕೊಂಡು ಹೊರಟಾಗ, ಝಳಕಿಯ ತನಕ ಅವರು ಸುಮ್ಮನಿದ್ದರು. ಮೈದುನ ಮೂರರಿಂದ ನಾಲ್ಕಕ್ಕೆ ಹಾಕಿದ. ಆಗ ಕೇಳಿದರು, "ಏನೋ, ಗಾಡಿ ಗರ್ ಅನ್ನೂದ ನಿಂತದಲ್ಲ? ಇಷ್ಟ ದಿನಾ ನನ್ನ ಕಿವಿನ ಮಂದ ಆಗ್ಯಾವಂತ ತಿಳಿದಿದ್ದೆ."